ಹಕ್ಕಿಗೆ ಕಾಳಿಡುವವರು ಮಾಡಬೇಕಾದ್ದು, ಮಾಡಬಾರದ್ದು

ಬೇಸಿಗೆ ಕಾಲಿಟ್ಟೊಡನೆ ಹಿತ್ತಲು, ತಾರಸಿ, ಬಾಲ್ಕನಿಗಳಲ್ಲಿ ಹಕ್ಕಿಗಳಿಗೆಂದು ಕಾಳು–ನೀರಿನ ತಟ್ಟೆಗಳು ಕಾಣಿಸಿಕೊಳ್ಳುತ್ತವೆ. ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನ. ಆ ಹೊತ್ತಿಗೆ ಮಕ್ಕಳೂ ಬಾಟಲಿ ಕತ್ತರಿಸಿ, ಕರಟ ಕೊರೆದು ಕಾಳಿನ ಬಟ್ಟಲು ಮಾಡಲು ಕೂರುತ್ತಾರೆ. ಈ ಅಕ್ಕರೆ ಬೇಕು, ಆದರೆ ಅಕ್ಕರೆಯೊಂದೇ ಸಾಲದು. ಉಪ್ಪು ಬೆರೆತ ತಿಂಡಿ, ಬೂಸ್ಟು ಹಿಡಿದ ಕಡಲೆಬೀಜ, ವಾರಗಟ್ಟಲೆ ತೊಳೆಯದ ತಟ್ಟೆ ಹಕ್ಕಿಯ ಜೀವ ತೆಗೆಯಬಲ್ಲವು. ಆದ್ದರಿಂದ ಕಾಳಿಡುವವರೆಲ್ಲ ಕೆಳಗಿನ ಮಾತುಗಳನ್ನು ತಪ್ಪದೆ ಪಾಲಿಸಿ.

ಮಾಡಬೇಕಾದ್ದು

1. ಮೊದಲು ನೀರಿಡಿ. ಅಗಲ ಬಾಯಿಯ ಮಣ್ಣಿನ ತಟ್ಟೆ ಸಾಕು. ಆಳ ಎರಡು ಇಂಚು ಮೀರಬಾರದು. ಸಣ್ಣ ಹಕ್ಕಿಗಳು ನಿಂತು ಕುಡಿಯಲು, ಮೀಯಲು ನಡುವೆ ಒಂದೆರಡು ಒರಟು ಕಲ್ಲಿಡಿ. ತಟ್ಟೆ ನೆರಳಿನಲ್ಲಿರಲಿ. ದಿನವೂ ಹಳೆಯ ನೀರು ಚೆಲ್ಲಿ, ತಟ್ಟೆಯ ಒಳಮೈ ತಿಕ್ಕಿ, ಹೊಸ ನೀರು ತುಂಬಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಪಾತ್ರೆಯ ಒಳಮೈಗೆ ಅಂಟಿಕೊಂಡಿರುತ್ತದೆ. ನೀರು ಬದಲಿಸಿದರಷ್ಟೇ ಅದು ಹೋಗದು, ತಿಕ್ಕಲೇಬೇಕು.

2. ಹಕ್ಕಿ ನೋಡಿ ಉಣಿಸು ಕೊಡಿ. ಗುಬ್ಬಚ್ಚಿ, ರಾಟವಾಳಗಳಿಗೆ ಭತ್ತ, ನವಣೆ, ಸಜ್ಜೆ, ರಾಗಿ, ನುಚ್ಚಕ್ಕಿ. ಪಿಕಳಾರ, ಕುಟ್ರುಹಕ್ಕಿ, ಗೊರವಂಕಗಳಿಗೆ ಬಾಳೆ, ಪರಂಗಿ, ಸೀಬೆ, ಸಪೋಟ. ಗಿಳಿಗಳಿಗೆ ಸೀಬೆ, ಸೂರ್ಯಕಾಂತಿ ಬೀಜ. ಕಡಲೆಬೀಜ ಕೊಡುವುದಾದರೆ ಉಪ್ಪಿಲ್ಲದ್ದನ್ನು ಕುಟ್ಟಿ ತರಿ ಮಾಡಿ ಕೊಡಿ. ಇಡೀ ಬೀಜ ಮರಿಗಳ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಹಸಿ ತೆಂಗಿನಕಾಯಿಯ ಹೋಳು ಆಗುತ್ತದೆ. ಒಣ ತೆಂಗಿನತುರಿ ಹೊಟ್ಟೆಯಲ್ಲಿ ನೆನೆದು ಉಬ್ಬಬಹುದು, ಅದು ಬೇಡ.

3. ಸಿಕ್ಕರೆ ತೆನೆಯನ್ನೇ ಕಟ್ಟಿ. ಹೊಸ್ತಿಗೆ, ಹುತ್ತರಿಗೆ ಹೊಸ ಕದಿರನ್ನು ಮನೆಗೆ ತಂದು ಕಟ್ಟುವ ರೂಢಿ ಕರಾವಳಿ, ಮಲೆನಾಡು, ಕೊಡಗಿನಲ್ಲಿ ಇಂದಿಗೂ ಇದೆ. ಹಕ್ಕಿಗೂ ಇದೇ ಉತ್ತಮ. ಭತ್ತ, ಸಜ್ಜೆ ಅಥವಾ ನವಣೆಯ ಒಂದು ಹಿಡಿ ತೆನೆಯ ಬುಡವನ್ನು ಬಾಳೆನಾರಿನಿಂದ ಬಿಗಿದು, ತಲೆಕೆಳಗಾಗಿ ಸೂರಿನ ಕೆಳಗೆ ತೂಗುಹಾಕಿ. ಇದರಲ್ಲಿ ನೀರು ನಿಲ್ಲದು, ತಟ್ಟೆಯಲ್ಲಿ ಆಗುವಂತೆ ಕಾಳಿನೊಡನೆ ಹಿಕ್ಕೆ ಬೆರೆತು ಕೊಳೆಯದು. ಕಾಳು ಮುಗಿದ ಹುಲ್ಲನ್ನು ಗೊಬ್ಬರದ ಗುಂಡಿಗೆ ಹಾಕಿ.

4. ಕರಟದಲ್ಲಿ ಬಟ್ಟಲು ಮಾಡಿ. ಅರ್ಧ ಕರಟದ ಅಂಚಿನಲ್ಲಿ ಸಮದೂರಕ್ಕೆ ಮೂರು ತೂತು, ಮಳೆನೀರು ಬಸಿದು ಹೋಗಲು ಬುಡದಲ್ಲಿ ಎರಡು ಸಣ್ಣ ತೂತು ಕೊರೆಯಿರಿ. ಅಂಚನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ನಯ ಮಾಡಿ. ತೆಂಗಿನ ನಾರಿನ ಹಗ್ಗ ಅಥವಾ ಸೆಣಬಿನ ಹುರಿಯಲ್ಲಿ ಕಟ್ಟಿ. ಕರಟ ಹಳತಾದರೆ ಎಸೆದು ಹೊಸದು ಕಟ್ಟಬಹುದು ಎಂಬುದೇ ಇದರ ದೊಡ್ಡ ಅನುಕೂಲ.

5. ದಿನಕ್ಕೆ ಒಂದೇ ಹಿಡಿ ಹಾಕಿ. ಮೊದಲು ಹೊಟ್ಟು ಊದಿ. ಗುಬ್ಬಚ್ಚಿ ಭತ್ತ ತಿನ್ನುವುದನ್ನು ಹತ್ತಿರದಿಂದ ನೋಡಿ. ಕಾಳನ್ನು ಕೊಕ್ಕಿನ ಒಂದು ಬದಿಗೆ ತಂದು ಒತ್ತುತ್ತದೆ, ನಾಲಗೆಯಿಂದ ಹೊರಳಿಸುತ್ತದೆ, ಸಿಪ್ಪೆ ಎರಡಾಗಿ ಸೀಳಿ ಕೊಕ್ಕಿನ ಅಂಚಿನಿಂದ ಉದುರುತ್ತದೆ, ಅಕ್ಕಿ ಒಳಗೆ ಹೋಗುತ್ತದೆ. ಆ ಸಿಪ್ಪೆಯೆಲ್ಲ ಬಟ್ಟಲಿನಲ್ಲೇ ಉಳಿಯುವುದರಿಂದ ದೂರಕ್ಕೆ ಬಟ್ಟಲು ತುಂಬಿದಂತೆಯೇ ಕಾಣುತ್ತದೆ. ಬೆಳಗ್ಗೆ ಒಮ್ಮೆ ಊದಿ ನೋಡಿ. ಸಂಜೆಗೆ ಕಾಳು ಮಿಕ್ಕರೆ ಮರುದಿನ ಕಡಿಮೆ ಹಾಕಿ.

6. ಜಾಗ ಅಳೆದು ತೂಗುಹಾಕಿ. ನೆಲದಿಂದ ಆರು ಅಡಿ ಎತ್ತರದಲ್ಲಿ, ಬೆಕ್ಕು ಅವಿತುಕೊಳ್ಳುವ ಪೊದೆಯಿಂದ ಹತ್ತು ಅಡಿ ದೂರದಲ್ಲಿ ಬಟ್ಟಲಿರಲಿ. ಗಾಜಿನ ಕಿಟಕಿಗೆ ಮೂರು ಅಡಿಯೊಳಗಿರಲಿ, ಇಲ್ಲವೇ ಮೂವತ್ತು ಅಡಿ ಆಚೆಗಿರಲಿ. ತೀರಾ ಹತ್ತಿರವಿದ್ದರೆ ಬೆದರಿ ಹಾರಿದ ಹಕ್ಕಿಗೆ ಪೆಟ್ಟಾಗುವಷ್ಟು ವೇಗ ಬಂದಿರುವುದಿಲ್ಲ. ನಡುವಣ ದೂರದಲ್ಲಿದ್ದರೆ ಗಾಜಿನಲ್ಲಿ ಕಾಣುವ ಮರ, ಆಕಾಶವನ್ನು ನಿಜವೆಂದೇ ನಂಬಿ ರಭಸದಿಂದ ಡಿಕ್ಕಿ ಹೊಡೆಯುತ್ತದೆ.

7. ವಾರಕ್ಕೊಮ್ಮೆ ಬಟ್ಟಲು ತೊಳೆಯಲೇಬೇಕು. ಎಲ್ಲಕ್ಕಿಂತ ಮುಖ್ಯವಾದ ನಿಯಮ ಇದು. ಹಲವು ಹಕ್ಕಿಗಳು ಒಂದೇ ಕಡೆ ತಿಂದು, ಅಲ್ಲೇ ಹಿಕ್ಕೆ ಹಾಕಿದಾಗ ಸಾಲ್ಮೊನೆಲ್ಲಾದಂಥ ಸೋಂಕು ಒಂದರಿಂದೊಂದಕ್ಕೆ ದಾಟುತ್ತದೆ. ಬ್ರಿಟನ್ನಿನಲ್ಲಿ 2005ರಿಂದೀಚೆಗೆ ಟ್ರೈಕೊಮೊನಾಸ್ ಎಂಬ ಪರೋಪಜೀವಿಯ ರೋಗದಿಂದ ಗ್ರೀನ್‌ಫಿಂಚ್ ಹಕ್ಕಿಗಳ ಸಂಖ್ಯೆ ಕುಸಿದುಹೋಯಿತು. ಜನ ಪ್ರೀತಿಯಿಂದ ಇಟ್ಟ ಕಾಳು–ನೀರಿನ ತಟ್ಟೆಗಳೂ ಆ ರೋಗ ದಾಟುವ ದಾರಿಯಾದವು. ಬಿಸಿನೀರು, ಸೋಪಿನಲ್ಲಿ ತಿಕ್ಕಿ. ಆಗಾಗ ಒಂದು ಪಾಲು ದ್ರವ ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಅದರಲ್ಲಿ ನೆನೆಸಿ, ಚೆನ್ನಾಗಿ ಜಾಲಾಡಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿದ ಮೇಲೆಯೇ ಕಾಳು ಹಾಕಿ. ಈ ಕೆಲಸಕ್ಕೆ ಬೇರೆಯದೇ ಬ್ರಷ್ಷಿರಲಿ, ಅಡುಗೆಮನೆಯ ಸಿಂಕ್ ಬೇಡ. ಕೊನೆಗೆ ಸೋಪು ಹಾಕಿ ಕೈ ತೊಳೆಯಿರಿ.

8. ಕಾಯಿಲೆಯ ಹಕ್ಕಿ ಕಂಡರೆ ಕಾಳಿಡುವುದನ್ನು ನಿಲ್ಲಿಸಿ. ಗರಿ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ, ನೀವು ಹತ್ತಿರ ಹೋದರೂ ಹಾರದೆ ಕೂತ ಹಕ್ಕಿಗೆ ಕಾಯಿಲೆಯಿದೆ. ಬಟ್ಟಲು ಇಳಿಸಿ ತೊಳೆಯಿರಿ, ಎರಡು ವಾರವಾದರೂ ಕಟ್ಟಬೇಡಿ. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಒಂದೇ ಕಡೆ ಹಲವು ಹಕ್ಕಿ ಸತ್ತುಬಿದ್ದಿದ್ದರೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ.

ಮಾಡಬಾರದ್ದು

1. ಉಪ್ಪು, ಎಣ್ಣೆ, ಖಾರದ ತಿಂಡಿ ಇಡಬೇಡಿ. ಮಿಕ್ಕ ಚಿತ್ರಾನ್ನ, ಉಪ್ಪಿಟ್ಟು, ಖಾರಾಸೇವೆ, ಚಿಪ್ಸ್, ಬಿಸ್ಕತ್ತು ಯಾವುದೂ ಬೇಡ. ಸುಮಾರು 25 ಗ್ರಾಂ ತೂಗುವ ಗುಬ್ಬಚ್ಚಿಗೆ ನಮ್ಮ ನಾಲಗೆಯ ಉಪ್ಪು ವಿಷವೇ. ಬ್ರೆಡ್ಡು ಹೊಟ್ಟೆ ತುಂಬಿಸುತ್ತದೆ, ಪುಷ್ಟಿ ಕೊಡುವುದಿಲ್ಲ. ಹಾಲು ಹಕ್ಕಿಗೆ ಅರಗದು. ಚಾಕೊಲೇಟು, ಬೆಣ್ಣೆಹಣ್ಣು ಅದಕ್ಕೆ ವಿಷ. ಸಪ್ಪೆ ಅನ್ನವನ್ನು ಒಂದು ತುತ್ತು ಇಡಬಹುದು, ಆದರೆ ಹಳಸುವ ಮೊದಲು ತೆಗೆದುಬಿಡಿ.

2. ಬೂಸ್ಟು ಹಿಡಿದ ಕಾಳು ಹಾಕಬೇಡಿ. ನಮಗೆ ಆಗದ ಕಡಲೆಬೀಜ, ಜೋಳ ಹಕ್ಕಿಗಾದರೂ ಆಗಲಿ ಎಂಬ ಯೋಚನೆ ಕೂಡದು. ಆ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ, ಪಿತ್ತಜನಕಾಂಗವನ್ನು ಹಾಳುಮಾಡುವ ವಿಷವಿರಬಹುದು. ತೊಳೆದರೆ ಅದು ಹೋಗುವುದಿಲ್ಲ.

3. ಕೊಬ್ಬಿನ ಉಂಡೆ, ಪೀನಟ್ ಬಟರ್ ಮೆತ್ತಿದ ತಿಂಡಿ ನಮ್ಮ ಹವೆಗೆ ಸಲ್ಲದು. ಅವು ಹಿಮ ಬೀಳುವ ದೇಶಗಳ ಚಳಿಗಾಲಕ್ಕೆ ಹುಟ್ಟಿದ ತಿನಿಸು. ಇಲ್ಲಿನ ಬಿಸಿಲಿಗೆ ಕರಗಿ ಗರಿಗೆ ಅಂಟುತ್ತವೆ. ಜಿಡ್ಡು ಹತ್ತಿದ ಗರಿ ಮಳೆಯನ್ನು ತಡೆಯುವುದಿಲ್ಲ. ಬದಲಿಗೆ ಸೀಬೆ, ಪರಂಗಿಯ ಹೋಳುಗಳನ್ನು ಗಟ್ಟಿ ಕಡ್ಡಿಗೆ ಚುಚ್ಚಿ ಕೊಂಬೆಗೆ ಕಟ್ಟಿ, ಸಂಜೆಗೆ ತೆಗೆಯಿರಿ.

4. ಸೂರಕ್ಕಿಗೆ ಸಕ್ಕರೆ ನೀರು, ಬಣ್ಣದ ನೀರು ಬೇಡ. ಅದು ಅಮೆರಿಕ ಖಂಡಗಳಲ್ಲಷ್ಟೇ ಇರುವ ಹಮ್ಮಿಂಗ್‌ಬರ್ಡ್‌ಗಾಗಿ ಶುರುವಾದ ಪದ್ಧತಿ. ಸಕ್ಕರೆ ನೀರು ನಮ್ಮ ಸೆಕೆಗೆ ಬೇಗ ಹುಳಿಯುತ್ತದೆ. ಒಂದು ದಾಸವಾಳ, ಒಂದು ಕೇಪಳದ ಗಿಡ, ಜಾಗವಿದ್ದರೆ ಒಂದು ಬಾಳೆ ನೆಡಿ. ಸೂರಕ್ಕಿ ತಾನಾಗಿ ಬರುತ್ತದೆ.

5. ನೈಲಾನ್ ದಾರ, ಗಾಳಿಪಟದ ಮಾಂಜಾ, ತಂತಿಯ ಚೂಪು ತುದಿ ಬಳಸಬೇಡಿ. ಬೆರಳಿಗೆ ಸುತ್ತಿಕೊಂಡ ಸಣ್ಣ ಎಳೆ ಬಿಗಿಯುತ್ತಾ ಹೋಗಿ ಕಾಲನ್ನೇ ಕಳೆಯುತ್ತದೆ. ಪ್ಲಾಸ್ಟಿಕ್ ಬಾಟಲಿ ಕತ್ತರಿಸಿದ್ದರೆ ಅಂಚಿಗೆ ಟೇಪು ಸುತ್ತಲೇಬೇಕು.

6. ಇರುವೆ ಬಂತೆಂದು ಇರುವೆಪುಡಿ, ವಿಷದ ಸೀಮೆಸುಣ್ಣ, ಗ್ರೀಸು ಹಚ್ಚಬೇಡಿ. ಗಿಡಗಳಿಗೂ ಕೀಟನಾಶಕ ಹೊಡೆಯಬೇಡಿ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ಮರಿಗೆ ಮೊದಲ ದಿನಗಳಲ್ಲಿ ಕೊಡುವುದು ಹುಳುವನ್ನೇ. ಸಿಂಪಿಗ, ಮಡಿವಾಳ ಹಕ್ಕಿಗಳಂತೂ ನಿಮ್ಮ ಬಟ್ಟಲಿಗೆ ಬರುವುದೇ ಇಲ್ಲ, ಅವು ಬದುಕುವುದು ಹುಳುಹುಪ್ಪಟೆಯಿಂದ.

7. ಪಾರಿವಾಳಗಳಿಗೆ ಚೀಲಗಟ್ಟಲೆ ಕಾಳು ಸುರಿಯಬೇಡಿ. ಸುಲಭವಾಗಿ ಕಾಳು ಸಿಕ್ಕಿದಲ್ಲೆಲ್ಲ ಅವು ಹೆಚ್ಚುತ್ತಾ ಹೋಗಿ ಬೇರೆ ಹಕ್ಕಿಗಳನ್ನು ಓಡಿಸುತ್ತವೆ. ಅವುಗಳ ಒಣಹಿಕ್ಕೆಯ ದೂಳು ಮನುಷ್ಯರ ಶ್ವಾಸಕೋಶಕ್ಕೆ ಗಂಭೀರ ಕಾಯಿಲೆ ತರಬಲ್ಲದು. ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಪುಣ್ಯದ ಕೆಲಸ ಪಕ್ಕದ ಮನೆಯ ಅಜ್ಜನ ಉಸಿರಿಗೆ ಕುತ್ತಾಗಬಾರದು.

8. ಹಿಡಿಯಬೇಡಿ, ಸಾಕಬೇಡಿ. ಕಾಳಿಗೆ ಬಂದ ಗಿಳಿಯನ್ನು ಪಂಜರಕ್ಕೆ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಫೋಟೊಗಾಗಿ ಗೂಡಿನ ಹತ್ತಿರ ಹೋಗುವುದೂ ಬೇಡ.

ಎಲ್ಲರಲ್ಲೂ ವಿನಂತಿ

ನಮ್ಮ ಸುತ್ತಲಿನ ಹಕ್ಕಿಗಳು ನಾವಿಡುವ ಹಿಡಿ ಕಾಳಿನಿಂದಲೇ ಬದುಕುತ್ತಿಲ್ಲ. ಅವಕ್ಕೆ ಬೇಕಾದ್ದು ಗಿಡ, ಮರ, ಹುಳು, ನೀರು. ಕೈತೋಟವಿದ್ದವರು ಸೀಬೆಯನ್ನೋ ಗಸಗಸೆ ಹಣ್ಣಿನ ಮರವನ್ನೋ ಬೆಳೆಸಿ, ಮೇಲಿನ ಕೊಂಬೆಯ ಹಣ್ಣನ್ನು ಕೀಳದೆ ಬಿಡಿ. ಜಾಗ ದೊಡ್ಡದಿದ್ದರೆ ನೇರಳೆ, ಅತ್ತಿ ನೆಡಿ. ಬಟ್ಟಲು ಕಟ್ಟುವವರು ಅದನ್ನು ತೊಳೆಯುವ ಹೊಣೆಯನ್ನೂ ಹೊರಬೇಕು. ವಾರಕ್ಕೊಮ್ಮೆ ತೊಳೆಯಲು ಪುರುಸೊತ್ತಿಲ್ಲದವರು ದಯವಿಟ್ಟು ಕಾಳಿನ ಬಟ್ಟಲು ಕಟ್ಟಲೇಬೇಡಿ. ಗಿಡವೊಂದನ್ನು ನೆಟ್ಟು ಬೆಳೆಸಿ, ಅಷ್ಟೇ ಸಾಕು.