ಒಳಮನೆಯ ವಿದ್ಯೆ

ಬೇಸಿಗೆಯ ನಡುಹಗಲಿನಲ್ಲಿ ಜಗಳೂರು ಸೀಮೆಯ ಹಳೆಯ ಮಾಳಿಗೆಮನೆಯೊಳಗೆ ಕಾಲಿಟ್ಟವರಿಗೆ ಮೊದಲು ಅನುಭವವಾಗುವುದು ತಂಪು. ದಪ್ಪನೆಯ ಗೋಡೆಗಳೂ ಜಂತೆಗಳ ಮೇಲೆ ಹಾಸಿದ ಮಣ್ಣಿನ ಮಾಳಿಗೆಯೂ ಹೊರಗಿನ ಉರಿಯನ್ನು ಹೊರಗೇ ತಡೆಯುತ್ತವೆ. ಮಲೆನಾಡಿನ ಸೆರಗಿನಲ್ಲಿರುವ ನ್ಯಾಮತಿ, ಹೊನ್ನಾಳಿಗಳ ಕಡೆಗೆ ಬಂದರೆ ಮಳೆನೀರು ಜಾರಿಹೋಗುವ ಹೆಂಚಿನ ಮನೆಗಳು ಕಾಣುತ್ತವೆ. ಚನ್ನಗಿರಿಯ ಅಡಕೆ ಬೆಳೆಗಾರನಿಗೆ ಮನೆಯ ಮುಂದೆ ಅಡಕೆ ಹರಡಲು ವಿಶಾಲವಾದ ಅಂಗಳ ಬೇಕು. ಮನೆಯು ಬದುಕಿಗೆ ತಕ್ಕಂತೆ ಇರಬೇಕೆಂಬ ತಿಳಿವಳಿಕೆ ನಮ್ಮ ಹಿರಿಯರಿಗೆ ಇತ್ತು.

ಆದರೆ ಆ ತಿಳಿವಳಿಕೆ ಮನೆಯ ಎಲ್ಲ ಮೂಲೆಗಳನ್ನೂ ಮುಟ್ಟಿರಲಿಲ್ಲ. ನನ್ನ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಸುಂದರವಾದ ಕೆತ್ತನೆಯ ಕಂಬಗಳಿದ್ದವು. ಅಡುಗೆಮನೆಯಲ್ಲಿಯೋ, ಹೊಗೆ ಹೊರಹೋಗಲು ಒಂದು ಬೆಳಕಿಂಡಿಯೂ ಇರಲಿಲ್ಲ. ಅಜ್ಜಿ ಕಣ್ಣೊರೆಸಿಕೊಳ್ಳುತ್ತ, ಕೆಮ್ಮುತ್ತ ನಮಗೆ ಬಿಸಿರೊಟ್ಟಿ ಬಡಿಸುತ್ತಿದ್ದಳು. ಅತಿಥಿಗಳು ಕಂಬಗಳನ್ನು ಹೊಗಳಿ ಹೋಗುತ್ತಿದ್ದರು. ಆ ಹೊಗೆಯ ವಿಚಾರವನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಒಳಾಂಗಣ ವಿನ್ಯಾಸವೆಂಬ ವಿದ್ಯೆ ಹುಟ್ಟುವುದೇ ಇಂತಹ ಪ್ರಶ್ನೆಯಿಂದ. ಗೋಡೆಗೆ ಬಣ್ಣ, ಕಿಟಕಿಗೆ ಪರದೆ, ಮೂಲೆಗೊಂದು ಹೂದಾನಿ ಇಷ್ಟೇ ಅದೆಂದು ಹಲವರು ಭಾವಿಸುತ್ತಾರೆ. ಅಲಂಕಾರವು ಅದರ ಒಂದು ಭಾಗ ಮಾತ್ರ. ಒಳಗೆ ಬಾಳುವವರ ದೇಹ, ಕೆಲಸ, ವಯಸ್ಸುಗಳಿಗೆ ತಕ್ಕಂತೆ ಸ್ಥಳವನ್ನು ಅಣಿಗೊಳಿಸುವುದು ಅದರ ತಿರುಳು.

1958ರಲ್ಲಿ ಅಮೆರಿಕದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರಕ್ಕೆ ಒಂದು ವರದಿಯನ್ನು ಒಪ್ಪಿಸಿದರು. ಈ ದೇಶದಲ್ಲಿ ತಾವು ಕಂಡ ವಸ್ತುಗಳಲ್ಲಿ ಅವರು ಬಹುವಾಗಿ ಮೆಚ್ಚಿದ್ದು ನಮ್ಮ ನಿತ್ಯದ ತಂಬಿಗೆಯನ್ನು! ಅದು ಎಷ್ಟು ನೀರು ಹಿಡಿಯಬೇಕು, ಕೈಗೆ ಹೇಗೆ ಒಪ್ಪಬೇಕು, ತುಂಬಿದಾಗ ತೂಕ ಹೇಗಿರಬೇಕು, ಸುರಿಯುವುದು ಹೇಗೆ ಎಂದು ಒಂದೊಂದಾಗಿ ವಿಚಾರಿಸುತ್ತ ಹೋದರು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು. ನಮ್ಮ ದಾವಣಗೆರೆಯಲ್ಲಿ 1964ರಲ್ಲಿ ಆರಂಭವಾದ ಕಲಾಶಾಲೆಯು ಇಂದು ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯವಾಗಿದೆ. ಕಣ್ಣನ್ನೂ ಕೈಯನ್ನೂ ಪಳಗಿಸುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ.

ವಿಶ್ವವಿದ್ಯಾನಿಲಯದಲ್ಲಿ ಒಳಾಂಗಣ ವಿನ್ಯಾಸವನ್ನು ವ್ಯಾಸಂಗ ಮಾಡುವವರು ಮೊದಲು ಕಲಿಯುವುದು ಅಳೆಯುವುದನ್ನು ಮತ್ತು ಅಳತೆಗೆ ತಕ್ಕ ನಕ್ಷೆ ಬರೆಯುವುದನ್ನು. ಅಡುಗೆಕಟ್ಟೆಯ ಎತ್ತರ ಅಡುಗೆ ಮಾಡುವವರ ಮೊಣಕೈಗೆ ತುಸು ಕೆಳಗಿದ್ದರೆ ಬೆನ್ನು ಬಾಗದು. ಎದುರುಬದುರು ಕಿಟಕಿಗಳಿದ್ದರೆ ಗಾಳಿ ಆಡುತ್ತದೆ. ಎತ್ತರದ ಹೊಸ್ತಿಲು ಮುದುಕರನ್ನು ಎಡವಿಸುತ್ತದೆ. ಮರ, ಕಲ್ಲು, ಗಾರೆಗಳ ಗುಣ, ವಿದ್ಯುತ್ತು ಮತ್ತು ನೀರಿನ ವ್ಯವಸ್ಥೆ, ಖರ್ಚಿನ ಅಂದಾಜು ಇವೆಲ್ಲವೂ ಪಾಠಗಳೇ. ವೃತ್ತಿಗೆ ಇಳಿಯುವ ಮುನ್ನ ಅನುಭವಿಗಳ ಕೈಕೆಳಗೆ ದುಡಿದು, ಬಡಗಿ, ಗಾರೆಯವರ ಮಾತಿಗೂ ಕಿವಿಗೊಡಬೇಕು. ಕಾಗದದ ಮೇಲಿನ ತಪ್ಪನ್ನು ಅಳಿಸಬಹುದು. ಕಟ್ಟಿದ ಮೇಲಿನ ತಪ್ಪನ್ನು ಆ ಮನೆಯವರು ದಿನವೂ ಅನುಭವಿಸಬೇಕಾಗುತ್ತದೆ.

ಈ ವಿದ್ಯೆಯ ಮೊದಲ ಪಾಠಕ್ಕೆ ನೀವು ದೂರ ಹೋಗಬೇಕಾಗಿಲ್ಲ. ಇಂದು ಮನೆಗೆ ಹೋದಾಗ ಟೇಪು ಹಿಡಿದು ಅಡುಗೆಮನೆಯನ್ನು ಅಳೆಯಿರಿ. ಬೆಳಕು ಎಲ್ಲಿಂದ ಬರುತ್ತದೆ, ಹೊಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಿರಿ. ಬಳಿಕ ಅಲ್ಲಿ ದುಡಿಯುವವರನ್ನು ಏನು ತೊಂದರೆಯೆಂದು ಕೇಳಿರಿ. ನಾನು ನನ್ನ ಅಜ್ಜಿಯನ್ನು ಕೇಳದೆ ಹೋದ ಪ್ರಶ್ನೆ ಅದೇ.