ಇಂಚು ಕೊನೆಯ ಲೆಕ್ಕ: ಜೀಪು ಎತ್ತರಿಸುವ ಮುನ್ನ

ಮಳೆ ನಿಂತು ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಮಲೆನಾಡಿನ ನಮ್ಮಂಥ ಗ್ಯಾರೇಜುಗಳಿಗೆ ಜನ ಒಂದೇ ಪ್ರಶ್ನೆ ಇಟ್ಟುಕೊಂಡು ಬರುತ್ತಾರೆ: "ಅಣ್ಣಾ, ಎಷ್ಟು ಇಂಚು ಎತ್ತಬಹುದು?" ಹೊಸ ಥಾರ್ ತಗೊಂಡವರು, ಜಿಮ್ನಿಯವರು, ಹಳೆಯ ಜಿಪ್ಸಿಯನ್ನು ಜೋಪಾನ ಮಾಡಿಕೊಂಡವರು, ಎಸ್ಟೇಟಿನ ಮಹೀಂದ್ರ ಮೇಜರ್ ಜೀಪು ಓಡಿಸುವವರು, ಎಲ್ಲರದೂ ಇದೇ ಮಾತು. ಲಿಫ್ಟ್ ಕಿಟ್ ಅಂದರೆ ಎತ್ತರದ ಸ್ಪ್ರಿಂಗು, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್, ಜೊತೆಗೆ ಬುಷ್ಷು, ಬ್ರಾಕೆಟ್ಟು. ಇದನ್ನು ಆರಿಸುವಾಗ ಇಂಚು ಕೊನೆಗೆ ಬರಬೇಕಾದ ಲೆಕ್ಕ. ಅದಕ್ಕಿಂತ ಮೊದಲು ನೋಡಬೇಕಾದ್ದನ್ನು ಇಲ್ಲಿ ಬರೆದಿದ್ದೇನೆ.

1. ಗಾಡಿಯ ಅಡಿಗೆ ತೂರಿ ಗೀರುಗಳನ್ನು ನೋಡಿ.

ಒಂದು ಮಳೆಗಾಲ ತೋಟದ ರಸ್ತೆಯಲ್ಲಿ ಓಡಿದ ಗಾಡಿ ಎಲ್ಲೆಲ್ಲಿ ತಗುಲಿದೆ ಎಂಬುದನ್ನು ಅಡಿಯಲ್ಲೇ ಬರೆದುಕೊಂಡಿರುತ್ತದೆ. ಕೆಸರು ತೊಳೆದು, ಟಾರ್ಚು ಹಿಡಿದು ಮಲಗಿ ನೋಡಿದರೆ ಬಣ್ಣ ಹೋಗಿ ಹೊಳೆಯುವ ಜಾಗಗಳು ಕಾಣುತ್ತವೆ. ಗೀರು ಡಿಫರೆನ್ಷಿಯಲ್ಲಿನ ಉಬ್ಬಿನ ಮೇಲಿದ್ದರೆ ಲಿಫ್ಟ್ ಕಿಟ್‌ನಿಂದ ಏನೂ ಆಗುವುದಿಲ್ಲ. ಜಿಮ್ನಿ, ಜಿಪ್ಸಿ, ಹಳೆಯ ಮಹೀಂದ್ರ ಜೀಪುಗಳ ಎರಡೂ ಆಕ್ಸಲ್‌ಗಳು, ಥಾರ್‌ನ ಹಿಂದಿನ ಆಕ್ಸಲ್ ಗಟ್ಟಿ ಆಕ್ಸಲ್‌ಗಳು. ಸ್ಪ್ರಿಂಗು ಎಷ್ಟೇ ಎತ್ತರದ್ದಿರಲಿ, ಎತ್ತುವುದು ಚಾಸಿಯನ್ನು ಮಾತ್ರ, ಆಕ್ಸಲ್ ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತುವುದು ಟೈರು ಒಂದೇ.

ಗೀರು ಮಧ್ಯದಲ್ಲಿ, ಟ್ರಾನ್ಸ್‌ಫರ್ ಕೇಸಿನ ಕೆಳಗಿನ ತಗಡಿನ ಮೇಲಿದ್ದರೆ ಮಾತು ಬೇರೆ. ದಿಣ್ಣೆ ದಾಟುವಾಗ ಹೊಟ್ಟೆ ಕೂರುತ್ತಿದೆ ಎಂದರ್ಥ, ಅಲ್ಲಿ ಸ್ಪ್ರಿಂಗಿನ ಎತ್ತರ ನಿಜಕ್ಕೂ ನೆರವಾಗುತ್ತದೆ. ಮುಂದಿನ ಬಂಪರಿನ ಮೂಲೆ ಮಾತ್ರ ಸವೆದಿದ್ದರೆ ಬಂಪರನ್ನು ನೋಡಿ, ಸ್ಪ್ರಿಂಗನ್ನಲ್ಲ. ಹೀಗೆ ನೋಡಿಸಿದಾಗ ಬಂದವರಲ್ಲಿ ಬಹಳ ಜನಕ್ಕೆ ಕಿಟ್ಟೇ ಬೇಕಿರುವುದಿಲ್ಲ. ಕಾರ್ಖಾನೆಯಿಂದ ಬಂದ ಥಾರ್‌ಗೇ 226 ಮಿ.ಮೀ., ಜಿಮ್ನಿಗೆ 210 ಮಿ.ಮೀ. ನೆಲದಂತರ ಇದೆ. ನಮ್ಮ ತೋಟದ ದಾರಿಗಳಿಗೆ ಅದು ಕಡಿಮೆಯೇನಲ್ಲ.

2. ಟೈರಿನ ಲೆಕ್ಕ ಕಾಗದದ ಮೇಲೆ ಮಾಡಿ.

ಜಿಮ್ನಿಗೆ ಬರುವುದು 195/80 ಆರ್15, ವ್ಯಾಸ ಸುಮಾರು 693 ಮಿ.ಮೀ. ಅದರ ಬದಲು 215/75 ಹಾಕಿದರೆ ವ್ಯಾಸ ಹತ್ತು ಮಿ.ಮೀ. ಹೆಚ್ಚುತ್ತದೆ, ನೆಲದಿಂದ ಸಿಗುವುದು ಅದರ ಅರ್ಧ, ಐದೇ ಮಿ.ಮೀ. 235/75ಕ್ಕೆ ಹೋದರೆ ಸಿಗುವುದು 20 ಮಿ.ಮೀ. ಆದರೆ ಸ್ಟೇರಿಂಗು ಪೂರ್ತಿ ತಿರುಗಿಸಿದಾಗ ಟೈರು ಎಲ್ಲಿ ಉಜ್ಜುತ್ತದೆ ಎಂದು ನೋಡಬೇಕು. ಸ್ಪೀಡೋಮೀಟರು 80 ತೋರಿಸಿದಾಗ ಗಾಡಿ 85ರ ಹತ್ತಿರ ಓಡುತ್ತಿರುತ್ತದೆ, ಘಾಟಿ ಏರುವಾಗ ಇಂಜಿನ್ನು ಒಂದು ಗೇರು ಕೆಳಗೆ ಕೇಳುತ್ತದೆ. ಲಿಫ್ಟ್ ಕಿಟ್‌ನ ನಿಜವಾದ ಕೆಲಸ ಎಷ್ಟೋ ಸಲ ಈ ದೊಡ್ಡ ಟೈರಿಗೆ ಜಾಗ ಮಾಡಿಕೊಡುವುದೇ. ಹಾಗಾಗಿ ಟೈರು ತೀರ್ಮಾನವಾಗದೆ ಕಿಟ್ ಆರ್ಡರ್ ಮಾಡಬೇಡಿ.

3. ಸ್ಪ್ರಿಂಗನ್ನು ಭಾರ ನೋಡಿ ಆರಿಸಿ.

ಒಂದೇ ಎತ್ತರದ ಸ್ಪ್ರಿಂಗು ಬೇರೆ ಬೇರೆ ಗಡಸಿನಲ್ಲಿ ಬರುತ್ತದೆ. ಓಲ್ಡ್ ಮ್ಯಾನ್ ಈಮು ತರಹದ ಆಸ್ಟ್ರೇಲಿಯಾದ ಕಿಟ್‌ಗಳಲ್ಲಿ ಎಷ್ಟು ಭಾರಕ್ಕೆ ಯಾವ ಸ್ಪ್ರಿಂಗು ಎಂದು ಪಟ್ಟಿಯೇ ಇರುತ್ತದೆ. ನಮ್ಮಲ್ಲಿ ಅದನ್ನು ಓದಿ ತರಿಸುವವರು ಕಡಿಮೆ. ಉಕ್ಕಿನ ಹಗ್ಗ ಸಮೇತ ವಿಂಚ್ ಒಂದೇ 35 ಕೆ.ಜಿ. ಆಸುಪಾಸು ತೂಗುತ್ತದೆ, ಅದನ್ನು ಹೊರುವ ಕಬ್ಬಿಣದ ಬಂಪರು ಬೇರೆ. ಅಷ್ಟು ಭಾರ ಸದಾ ಮೂತಿಯ ಮೇಲಿದ್ದರೆ ಮುಂದಕ್ಕೆ ಗಡಸು ಸ್ಪ್ರಿಂಗು ಸರಿ. ಏನೂ ಇಲ್ಲದ ಗಾಡಿಗೆ ಅದನ್ನೇ ಹಾಕಿದರೆ ಕಲ್ಲಿನ ರಸ್ತೆಯಲ್ಲಿ ಚಕ್ರ ನೆಲ ಬಿಟ್ಟು ಕುಣಿಯುತ್ತದೆ, ಒದ್ದೆಯಲ್ಲಿ ಬ್ರೇಕು ಹಿಡಿಯುವುದಿಲ್ಲ, ಹಿಂದೆ ಕೂತವರ ಬೆನ್ನು ಹೋಗುತ್ತದೆ.

ಎಸ್ಟೇಟಿನವರಿಗೆ ನಾನು ಕೇಳುವುದು ಒಂದೇ: ವರ್ಷದಲ್ಲಿ ಎಷ್ಟು ತಿಂಗಳು ಹಿಂದೆ 50 ಕೆ.ಜಿ.ಯ ಚೀಲಗಳು ಕೂರುತ್ತವೆ? ಕೊಯ್ಲಿನ ಎರಡು ಮೂರು ತಿಂಗಳು ಮಾತ್ರ ಅಂದರೆ ಮಧ್ಯಮ ಗಡಸಿನ ಸ್ಪ್ರಿಂಗೇ ಸಾಕು. ಸ್ಪ್ರಿಂಗು ಬದಲಾಯಿಸಿದರೆ ಶಾಕ್ ಕೂಡ ಜೊತೆಗೇ ಬದಲಾಗಬೇಕು. ಹಳೆಯ ಶಾಕಿಗೆ ಹೊಸ ಸ್ಪ್ರಿಂಗಿನ ಒದೆತ ತಡೆಯುವ ಶಕ್ತಿ ಇರುವುದಿಲ್ಲ, ಉದ್ದವೂ ಸಾಲದೆ ಚಕ್ರ ಇಳಿಬಿದ್ದಾಗ ಕೊನೆ ಮುಟ್ಟಿ ಜಗ್ಗುತ್ತದೆ.

4. ಕಮಾನು ಪಟ್ಟಿಯ (ಲೀಫ್ ಸ್ಪ್ರಿಂಗಿನ) ಗಾಡಿಗೆ ಶಾಕಲ್ ಉದ್ದ ಮಾಡುವುದು ಅಗ್ಗ, ಆದರೆ ಒಳ್ಳೆಯದಲ್ಲ.

ಪಟ್ಟಿಯ ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿಯೇ ಶಾಕಲ್. ಅದನ್ನು ಎರಡು ಇಂಚು ಉದ್ದ ಮಾಡಿದರೆ ಸಿಗುವುದು ಒಂದೇ ಇಂಚು. ಆಕ್ಸಲ್ ಓರೆಯಾಗುತ್ತದೆ, ತಿರುವಿನಲ್ಲಿ ಗಾಡಿ ಬದಿಗೆ ಓಲುವುದು ಹೆಚ್ಚುತ್ತದೆ. ಒಂದು ಪಟ್ಟಿ ಹೆಚ್ಚಿಗೆ ಸೇರಿಸುವುದೂ ಎತ್ತರಕ್ಕಿಂತ ಗಡಸನ್ನೇ ಹೆಚ್ಚು ಕೊಡುತ್ತದೆ. ದುಡ್ಡಿದ್ದರೆ ಸರಿಯಾದ ಕಮಾನು ಕೊಟ್ಟು ಹೊಸದಾಗಿ ಮಾಡಿಸಿದ ಪೂರ್ತಿ ಸೆಟ್ ಹಾಕಿಸಿ, ಇಲ್ಲದಿದ್ದರೆ ಇರುವುದನ್ನೇ ಬಿಚ್ಚಿ ತುಕ್ಕು ತೆಗೆದು ಬುಷ್ ಬದಲಿಸಿ. ಕೂತುಹೋದ ಹಳೆಯ ಪಟ್ಟಿಗಳಿಗೆ ಮೂಲ ಎತ್ತರ ಬಂದರೂ ಎಷ್ಟೋ ಜೀಪುಗಳಿಗೆ ಅದೇ ಲಿಫ್ಟ್.

5. ಸ್ಪೇಸರ್ ಮತ್ತು ಬಾಡಿ ಲಿಫ್ಟ್ ಬಗ್ಗೆ ಎರಡು ಮಾತು.

ಸ್ಪ್ರಿಂಗಿನ ಮೇಲೊಂದು ಬಿಲ್ಲೆ ಇಟ್ಟು ಎತ್ತುವುದು ಸ್ಪೇಸರ್. ಥಾರ್‌ನ ಮುಂಭಾಗದಂಥ ಸ್ವತಂತ್ರ ಸಸ್ಪೆನ್ಷನ್‌ಗೆ ಇದನ್ನು ಹಾಕಿದಾಗ ಗಾಡಿ ಎತ್ತರ ಕಾಣುತ್ತದೆ, ಆದರೆ ಚಕ್ರ ಗುಂಡಿಗೆ ಇಳಿಯುವ ಅಳತೆ ಅಷ್ಟೇ ಕಡಿಮೆಯಾಗುತ್ತದೆ. ಡ್ರೈವ್ ಶಾಫ್ಟಿನ ಕೋನ ಹೆಚ್ಚಿ ಸಿವಿ ಜಾಯಿಂಟಿನ ರಬ್ಬರು ಬೇಗ ಸೀಳುತ್ತದೆ, ಒಳಗೆ ಕೆಸರು ಹೋದರೆ ಜಾಯಿಂಟೇ ಹೋಯಿತು. ಬಾಡಿ ಲಿಫ್ಟ್ ಚಾಸಿಯ ಮೇಲಿನ ಬಾಡಿಯನ್ನು ಮಾತ್ರ ಎತ್ತುತ್ತದೆ. ದೊಡ್ಡ ಟೈರಿಗೆ ಜಾಗ ಸಿಗುತ್ತದೆ, ಹೊಟ್ಟೆಯ ಅಂತರ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ.

6. ಎರಡು ಇಂಚು ಎತ್ತಿದರೆ ಏನೇನು ಬದಲಾಗುತ್ತದೆಂದು ಮೊದಲೇ ಪಟ್ಟಿ ಮಾಡಿ.

ಜಿಮ್ನಿಯನ್ನೇ ತೆಗೆದುಕೊಳ್ಳಿ. ಮುಂದೆ ಹಿಂದೆ ಎರಡೂ ಆಕ್ಸಲ್‌ಗಳನ್ನು ಅಡ್ಡಕ್ಕೆ ಹಿಡಿದಿಡುವುದು ಪ್ಯಾನ್‌ಹಾರ್ಡ್ ರಾಡ್. ಗಾಡಿ ಎತ್ತರವಾದಾಗ ಈ ರಾಡು ಇನ್ನಷ್ಟು ಓರೆಯಾಗಿ ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಹಿಂದೆ ನಿಂತು ನೋಡಿದರೆ ಒಂದು ಟೈರು ಹೊರಗೆ, ಇನ್ನೊಂದು ಒಳಗೆ. ಉದ್ದ ಹೊಂದಿಸಬಹುದಾದ ರಾಡ್ ಹಾಕಿದರೆ ಇದು ಸರಿಯಾಗುತ್ತದೆ. ಮುಂದಿನ ಆಕ್ಸಲಿನ ಕ್ಯಾಸ್ಟರ್ ಕೋನ ಕಡಿಮೆಯಾಗಿ ಹೈವೇಯಲ್ಲಿ ಸ್ಟೇರಿಂಗು ತೇಲಿದ ಹಾಗಾಗುತ್ತದೆ, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುವುದಿಲ್ಲ. ಇದಕ್ಕೆ ಕ್ಯಾಸ್ಟರ್ ಸರಿಪಡಿಸುವ ಬುಷ್ ಬೇಕು. ಬ್ರೇಕ್ ಹೋಸ್ ಎಳೆಯುತ್ತಿದೆಯೇ, ಪ್ರೊಪೆಲ್ಲರ್ ಶಾಫ್ಟು ಒಂದೇ ವೇಗದಲ್ಲಿ ಗುಂಯ್ ಅನ್ನುತ್ತಿದೆಯೇ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತಿದೆಯೇ ಎಂದೂ ನೋಡಬೇಕು. ಇವೆಲ್ಲ ಕಿಟ್‌ನೊಳಗೆ ಇವೆಯೋ ಇಲ್ಲವೋ ಎಂದು ಅಂಗಡಿಯವರನ್ನು ಒಂದೊಂದಾಗಿ ಕೇಳಿ. ಸ್ಪ್ರಿಂಗು, ಶಾಕ್ ಮಾತ್ರ ಕೊಟ್ಟು ಕಿಟ್ ಅನ್ನುವುದಾದರೆ ಉಳಿದವುಗಳ ಬೆಲೆ ಸೇರಿಸಿಯೇ ಹೋಲಿಸಿ. ಎರಡು ಇಂಚು ದಾಟಿದ ಮೇಲೆ ಈ ಪಟ್ಟಿ ಬೇಗ ಬೆಳೆಯುತ್ತದೆ. ದಿನಾ ಓಡಿಸುವ ಗಾಡಿಗೆ ನಾನು ಅದಕ್ಕಿಂತ ಮೇಲೆ ಹೋಗುವುದಿಲ್ಲ.

7. ಬೋಲ್ಟು ಬಿಗಿಯುವಾಗ ನೀವು ಪಕ್ಕದಲ್ಲಿ ನಿಂತಿರಿ.

ಒಳ್ಳೆಯ ಕಿಟ್ ಹಾಳಾಗುವುದು ಹೆಚ್ಚಾಗಿ ಇಲ್ಲಿ. ಗಾಡಿಯನ್ನು ಲಿಫ್ಟಿನ ಮೇಲೇರಿಸಿ ಚಕ್ರಗಳು ಜೋತುಬಿದ್ದಿರುವಾಗಲೇ ಆಕ್ಸಲನ್ನು ಚಾಸಿಗೆ ಜೋಡಿಸುವ ಆರ್ಮ್‌ಗಳ ಬೋಲ್ಟನ್ನು ಪೂರ್ತಿ ಬಿಗಿದುಬಿಡುತ್ತಾರೆ. ಒಳಗಿನ ರಬ್ಬರ್ ಬುಷ್ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಕೆಳಗಿಳಿದಾಗ ಆರ್ಮ್ ಮೇಲೆ ತಿರುಗುತ್ತದೆ, ರಬ್ಬರು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ. ಕೆಲವೇ ತಿಂಗಳಲ್ಲಿ ಬುಷ್ಷಿನ ಒಂದು ಬದಿಯಲ್ಲಿ ಅರ್ಧಚಂದ್ರದಂಥ ಬಿರುಕು ಬಿಡುತ್ತದೆ, ಹಂಪ್ ದಾಟುವಾಗ ಕಟಕ್ ಎಂದು ಶಬ್ದ ಬರುತ್ತದೆ, ಮಾಲೀಕರು ಕಿಟ್ಟನ್ನು ಬೈಯುತ್ತಾರೆ. ಸರಿಯಾದ ಕ್ರಮ ಇಷ್ಟೇ: ಬೋಲ್ಟುಗಳನ್ನು ಸಡಿಲವಾಗಿ ಕೂರಿಸಿ, ಗಾಡಿಯನ್ನು ನೆಲಕ್ಕಿಳಿಸಿ, ಬಂಪರು ಒತ್ತಿ ಒತ್ತಿ ಬಿಟ್ಟು ಗಾಡಿ ತನ್ನ ಎತ್ತರಕ್ಕೆ ಕೂತ ಮೇಲೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. 500 ಕಿ.ಮೀ. ಆದ ಮೇಲೆ ಮತ್ತೊಮ್ಮೆ. ಕಮಾನು ಪಟ್ಟಿಯ ಗಾಡಿಯಾದರೆ ಯು-ಬೋಲ್ಟು ಖಂಡಿತ ಸಡಿಲಾಗಿರುತ್ತದೆ.

ಕೆಲಸಕ್ಕೆ ಮುಂಚೆ ಮತ್ತು ನಂತರ ನಾಲ್ಕೂ ಚಕ್ರಗಳ ನಟ್ಟನಡುವಿನಿಂದ ಮೇಲಿನ ಫೆಂಡರಿನ ಅಂಚಿಗೆ ಟೇಪು ಹಿಡಿದು ಅಳತೆ ಬರೆದುಕೊಳ್ಳಿ. ಎಷ್ಟು ಎದ್ದಿತು, ಆಮೇಲೆ ಎಷ್ಟು ಕೂತಿತು ಎಂಬುದಕ್ಕೆ ಬೇರೆ ಸಾಕ್ಷಿ ಇರುವುದಿಲ್ಲ.

8. ಕಾನೂನು ಗೊತ್ತಿದ್ದೇ ಕೈಹಾಕಿ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಕಿಟ್ ಮಾರುವವರು ಇದನ್ನು ಹೇಳುವುದಿಲ್ಲ. ದುಡ್ಡು ಕಟ್ಟುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಲಿಖಿತವಾಗಿ ಕೇಳಿ. ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದು ಗಾಡಿಯ ಅಡಿಯನ್ನೇ.

9. ಬಾಡಿಗೆಗೆ ಓಡಿಸುವ ಜೀಪನ್ನು ಎತ್ತಬೇಡಿ.

ಮಾಂದಲ್‌ಪಟ್ಟಿಯಂಥ ಗುಡ್ಡಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪುಗಳಲ್ಲಿ ಜನ ಇಕ್ಕಟ್ಟಾಗಿ ಕೂತಿರುತ್ತಾರೆ, ಕೆಲವರು ಹಿಂದೆ ನಿಂತೂ ಬಿಡುತ್ತಾರೆ. ಜನರ ಭಾರವೆಲ್ಲ ಚಾಸಿಗಿಂತ ಮೇಲೆ. ಅದರ ಮೇಲೆ ಗಾಡಿಯನ್ನೂ ಎತ್ತಿದರೆ ಇಳಿಜಾರಿನ ಅಡ್ಡ ಓರೆಯಲ್ಲಿ ಮಗುಚಲು ಒಂದು ಕಲ್ಲು ಸಾಕು. ಈ ಡ್ರೈವರುಗಳ ಕೈಚಳಕದ ಮೇಲೆ ನನಗೆ ಪೂರ್ತಿ ಗೌರವವಿದೆ, ಅವರಿಗೆ ಎತ್ತರದ ಅಗತ್ಯವೇ ಇಲ್ಲ. ಅಣ್ಣಂದಿರೇ, ಆ ದುಡ್ಡನ್ನು ಒಳ್ಳೆಯ ಟೈರಿಗೆ, ಬ್ರೇಕಿಗೆ, ಹೊಸ ಬುಷ್ಷಿಗೆ ಹಾಕಿ, ಸೀಟಿಗಿಂತ ಒಬ್ಬರನ್ನೂ ಹೆಚ್ಚಿಗೆ ಹತ್ತಿಸಬೇಡಿ.