ಟ್ಯಾಬ್ಲೆಟ್ ಬ್ಯಾಗಿನಲ್ಲೇ ಉಳಿದರೆ

ಸಂಶೋಧನೆಗೆಂದು ನನ್ನ ಬಳಿ ಬರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಯಾವುದಾದರೊಂದು ಆ್ಯಪ್‌ನ ಹೆಸರು ಹಿಡಿದುಕೊಂಡೇ ಬರುತ್ತಾರೆ. ಇದರಿಂದ ಮಾತು ಬಾರದ ಮಕ್ಕಳು ಎಷ್ಟು ಕಲಿಯುತ್ತಾರೆಂದು ಅಳೆಯಬೇಕು ಅನ್ನುತ್ತಾರೆ. ಮೊದಲು ತರಗತಿಯಲ್ಲಿ ಸುಮ್ಮನೆ ಕೂತು ನೋಡಿ ಬನ್ನಿ, ಪ್ರಶ್ನೆಯನ್ನು ಆಮೇಲೆ ಬರೆಯೋಣ ಎನ್ನುತ್ತೇನೆ ನಾನು.

ನಮ್ಮ ಮನೆ ಲಾಸ್ ಏಂಜಲೀಸಿನ ಉತ್ತರದಂಚಿನ ಪೋರ್ಟರ್ ರ್ಯಾಂಚ್‌ನಲ್ಲಿ. ಗುಡ್ಡ ಇಳಿದರೆ ನಾರ್ತ್‌ರಿಡ್ಜ್‌ನ ವಿಶ್ವವಿದ್ಯಾಲಯ. ಅಂಗವಿಕಲರ ಸಹಾಯಕ ತಂತ್ರಜ್ಞಾನದ ಬಗ್ಗೆ ಅದು 1985ರಿಂದ ಸಮ್ಮೇಳನ ನಡೆಸಿಕೊಂಡು ಬಂದಿದೆ. 2010ರಿಂದ 2018ರವರೆಗೆ ಸಮ್ಮೇಳನ ಸ್ಯಾನ್ ಡಿಯಾಗೋದಲ್ಲಿ ನಡೆಯುತ್ತಿತ್ತು. ಅಲ್ಲಿಗೆ ಹೋದಾಗ ಮಳಿಗೆಯವರ ಮಾತು ಕೇಳಿದ್ದು ಸಾಕು, ಸಾಧನ ಬಳಸುವವರನ್ನೇ ಮಾತಾಡಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಕಣ್ಣಿನ ನೋಟದಿಂದ ಅಕ್ಷರ ಆರಿಸಿ ಮಾತಾಡುವವರು, ಬ್ರೈಲ್ ಪರದೆ ಹಿಡಿದು ಓಡಾಡುವವರು ಅಲ್ಲಿಗೆ ಬರುತ್ತಿದ್ದರು. ಹಿಂದಿನ ಸಾಧನವನ್ನು ಯಾಕೆ ಬಿಟ್ಟಿರಿ ಎಂದು ಕೇಳಿದರೆ ಸಾಕು, ವಿದ್ಯಾರ್ಥಿಗಳ ಪುಸ್ತಕ ತುಂಬುತ್ತಿತ್ತು. ಫಿಲಿಪ್ಸ್ ಮತ್ತು ಝಾವೊ 1993ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಓದಿಸುವುದು ಇದಾದ ಮೇಲೆ. ಅವರು ವಿಚಾರಿಸಿದ 227 ಮಂದಿಯ ಸಾಧನಗಳಲ್ಲಿ ಶೇ. 29.3ರಷ್ಟು ಪೂರ್ತಿ ಮೂಲೆಗೆ ಬಿದ್ದಿದ್ದವು. ಆರಿಸುವಾಗ ಬಳಸುವವರ ಅಭಿಪ್ರಾಯ ಕೇಳದೇ ಇದ್ದದ್ದು ಅದಕ್ಕೊಂದು ಮುಖ್ಯ ಕಾರಣ.

ಒಬ್ಬ ವಿದ್ಯಾರ್ಥಿನಿ ಚಿತ್ರ ಮುಟ್ಟಿದರೆ ಮಾತಾಡುವ ಟ್ಯಾಬ್ಲೆಟ್‌ ಬಗ್ಗೆ ಕೆಲಸ ಮಾಡುತ್ತಿದ್ದಳು. ಅದನ್ನು ಬಳಸುತ್ತಿದ್ದ ಹುಡುಗ ದಿನಕ್ಕೆ ಎಷ್ಟು ಸಲ ಒತ್ತುತ್ತಾನೆಂಬ ಎಣಿಕೆ ವಾರದಿಂದ ವಾರಕ್ಕೆ ಏರುತ್ತಿತ್ತು. ನಾವಿಬ್ಬರೂ ಕೂತು ವಿಡಿಯೊ ನೋಡಿದೆವು. ಪಕ್ಕದಲ್ಲಿದ್ದ ಸಹಾಯಕಿ ಪ್ರೀತಿಯಿಂದಲೇ ಅವನ ಕೈ ಹಿಡಿದು ‘ಇನ್ನೂ ಬೇಕು’ ಒತ್ತಿಸುತ್ತಿದ್ದಳು. ಒತ್ತಿಸಿದ್ದು, ತೋರಿಸಿದ ಮೇಲೆ ಒತ್ತಿದ್ದು, ತಾನಾಗಿಯೇ ಒತ್ತಿದ್ದು ಎಂದು ಬೇರೆ ಬೇರೆ ಬರೆದಾಗ ಕೊನೆಯ ಸಾಲು ಹೆಚ್ಚುಕಮ್ಮಿ ಖಾಲಿ. ಆಗ ಅವಳ ಪ್ರಶ್ನೆಯೇ ಬದಲಾಯಿತು. ದೊಡ್ಡವರು ಮಾತಾಡುವಾಗ ತಾವೂ ಅದೇ ಚಿತ್ರಗಳನ್ನು ಮುಟ್ಟುತ್ತಾ ಮಾತಾಡಿ, ಆಮೇಲೆ ಕೈ ಹಿಂದಕ್ಕೆ ತೆಗೆದು ಕಾದರೆ ಏನಾಗುತ್ತದೆ? ಮೂರು ಮಕ್ಕಳಿಗೆ ಬೇರೆ ಬೇರೆ ವಾರಗಳಲ್ಲಿ ಆರಂಭಿಸಿ, ಪ್ರತಿ ಮಗುವನ್ನು ಅದರ ಹಿಂದಿನ ಸ್ಥಿತಿಯೊಡನೆಯೇ ಹೋಲಿಸಿದಳು. ವಿಶೇಷ ಶಿಕ್ಷಣದಲ್ಲಿ ನನಗೆ ಈ ವಿಧಾನವೇ ಇಷ್ಟ. ಇಲ್ಲಿ ಒಂದು ಮಗುವಿನಂತೆ ಇನ್ನೊಂದು ಇರುವುದಿಲ್ಲ, ಸರಾಸರಿ ತೆಗೆದರೆ ಇಬ್ಬರೂ ಕಾಣೆಯಾಗುತ್ತಾರೆ. ಕಾಯುವುದೇ ಎಲ್ಲರಿಗೂ ಕಷ್ಟವಾಯಿತು. ಹತ್ತು ಸೆಕೆಂಡ್ ಮೌನ ಶಿಕ್ಷಕರಿಗೆ ಬಹಳ ದೀರ್ಘ. ಆ ಮೌನದಲ್ಲೇ ಹುಡುಗ ಮೊದಲ ಸಲ ‘ಹೊರಗೆ’ ಎಂಬುದನ್ನು ತಾನೇ ಹುಡುಕಿ ಒತ್ತಿದ.

2015ರ ಅಕ್ಟೋಬರಿನಲ್ಲಿ ನಮ್ಮ ಪಕ್ಕದ ಅಲಿಸೊ ಕ್ಯಾನ್ಯನ್‌ನಲ್ಲಿ ಅನಿಲ ಸೋರಿಕೆ ಶುರುವಾಗಿ, ನಮ್ಮೂರಿನ ಎರಡು ಶಾಲೆಗಳನ್ನೇ ತಾತ್ಕಾಲಿಕವಾಗಿ ಬೇರೆಡೆಗೆ ಸಾಗಿಸಬೇಕಾಯಿತು. ಅನೇಕ ಕುಟುಂಬಗಳು ಮನೆ ಬಿಟ್ಟವು. ದಿನಚರಿ ತಪ್ಪಿದರೆ ಕಂಗೆಡುವ ಮಕ್ಕಳಿಗೆ ಅದೆಂಥ ಕಾಲ! ಮಾಹಿತಿ ಸಂಗ್ರಹ ಆಮೇಲಾಗಲಿ, ಮೊದಲು ಟ್ಯಾಬ್ಲೆಟ್‌ನಲ್ಲಿರುವ ಹಳೆಯ ಆಟದ ಮೈದಾನದ ಫೋಟೊ ತೆಗೆದು ಹೊಸದು ಹಾಕಲು ಟೀಚರಿಗೆ ನೆರವಾಗಿ ಎಂದು ವಿದ್ಯಾರ್ಥಿಗಳಿಗೆ ಹೇಳಿದ್ದೆ.

ಇಲ್ಲಿನ ವಿಶೇಷ ಶಿಕ್ಷಣ ಕಾನೂನಿಗೆ 1997ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಪ್ರತಿ ಮಗುವಿನ ಶಿಕ್ಷಣ ಯೋಜನೆ ಬರೆಯುವಾಗ ಸಹಾಯಕ ಸಾಧನ ಬೇಕೇ ಎಂದು ಪರಿಶೀಲಿಸಲೇಬೇಕು. ಯೋಜನೆ ಬರೆಯುವ ತಂಡ ಅಗತ್ಯವೆಂದರೆ ಸಾಧನ ಮನೆಗೂ ಹೋಗಬೇಕು. ಆದರೆ ಒಂದು ಕನ್ನಡ ಮನೆಯಲ್ಲಿ ಅದು ಬ್ಯಾಗಿನಿಂದ ಹೊರಗೇ ಬರುತ್ತಿರಲಿಲ್ಲ. ಸಂಜೆಯೆಲ್ಲ ಮಗು ಅಜ್ಜಿಯ ಜೊತೆ. ಟ್ಯಾಬ್ಲೆಟ್ ಮಾತಾಡುವುದು ಇಂಗ್ಲಿಷ್. ಕನ್ನಡ ಬಾರದ ನನ್ನ ಒಬ್ಬ ವಿದ್ಯಾರ್ಥಿಯೇ ಅಜ್ಜಿಯ ದನಿಯಲ್ಲಿ ನೀರು, ಬೇಡ, ಸಾಕು, ಬಾ ಎಂದು ರೆಕಾರ್ಡ್ ಮಾಡಿ ಹಾಕಿಕೊಟ್ಟ. “ಇದು ನನ್ನ ಹಾಗೇ ಮಾತಾಡುತ್ತಲ್ಲಪ್ಪ” ಎಂದು ಅವರು ತಾವೇ ಒತ್ತಿ ಒತ್ತಿ ನೋಡಿದರು. ಆಮೇಲೆ ಮಗುವೂ ಒತ್ತತೊಡಗಿತು.

ಈಗ ನನ್ನ ವಿದ್ಯಾರ್ಥಿಗಳು ಪ್ರಸ್ತಾವದಲ್ಲೇ ಎರಡು ಸಂಗತಿ ಬರೆಯಬೇಕು: ಮನೆಯಲ್ಲಿ ಮಗುವಿನ ಜೊತೆ ಯಾರು, ಯಾವ ಭಾಷೆಯಲ್ಲಿ ಮಾತಾಡುತ್ತಾರೆ; ಅಧ್ಯಯನ ಮುಗಿದ ಮೇಲೆ ಆ ಸಾಧನಕ್ಕೆ ಹೊಸ ಪದ ಸೇರಿಸುವವರು ಯಾರು. ಎರಡನೆಯದಕ್ಕೆ ಹೆಸರು ಸಿಗುವವರೆಗೆ ನಾನು ಸಹಿ ಹಾಕುವುದಿಲ್ಲ.